ಆರು ಇಂಚಿನ ಉಸಿರು

ನನ್ನ ಭಾವ ಕುರ್ಚಿ ಮಾಡುವವರು. ಮೇಜು ಮಾಡುವುದಿಲ್ಲ, ಮಂಚ ಮಾಡುವುದಿಲ್ಲ, ಬಾಗಿಲು ಬೇಕೆಂದು ಬಂದವರನ್ನು ಮುಂದಿನ ಬೀದಿಗೆ ಕಳಿಸಿಬಿಡುತ್ತಾರೆ. ಮೂವತ್ತೊಂದು ವರ್ಷದಿಂದ ಕುರ್ಚಿಯೊಂದೇ. ಬೀದಿಯವರಿಗೆ ಅವರ ಹೆಸರು ಮರೆತೇ ಹೋಗಿದೆ, ಕುರ್ಚಿಯವರು ಅಂದರೆ ಸಾಕು. ಇಷ್ಟಾಗಿಯೂ ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿರಲಿಲ್ಲ. ಊಟಕ್ಕೆ ನೆಲ, ಚಹಾಕ್ಕೆ ಹೊಸ್ತಿಲು. ಕೇಳಿದರೆ, "ಕೂತರೆ ಎಲ್ಲಿ ಕಿರುಗುಟ್ಟುತ್ತೋ ಅಂತ ಕಿವಿ ಅಲ್ಲೇ ಇರುತ್ತೆ ಕಣಪ್ಪ, ಆರಾಮ ಎಲ್ಲಿಂದ ಬರಬೇಕು?" ಎನ್ನುತ್ತಿದ್ದರು.

ನಾನು ತಗಡಿನ ಕೆಲಸದವನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕತ್ತರಿ ಹಿಡಿದೆ. ಮಳೆನೀರು ಹರಿಯಲು ಸೂರಿನ ದೋಣಿ, ಒಲೆಯ ಹೊಗೆಕೊಳವೆ, ನೀರಿನ ಡಬ್ಬ, ಇಂಥವು. ಬರೆಯುವುದು ನನ್ನ ಕಸುಬಲ್ಲ. ಆದರೆ ಈಚೆಗೆ ಮನೆಯಲ್ಲೇ ಮರದ ಮಷಿನ್ ಇಟ್ಟುಕೊಂಡವರು ನನ್ನ ಅಂಗಡಿಗೆ ಬಂದು, "ಕುರ್ಚಿಯವರಿಗೆ ಹಾಕಿದ್ದೀರಲ್ಲ, ದೂಳು ಎಳೆಯೋ ಕೊಳವೆ, ಹಾಗೇ ನಮಗೂ ಮಾಡಿಕೊಡಿ" ಎಂದು ಕೇಳುತ್ತಾರೆ. ಕೊಳವೆ ನೋಡಿ ಹೋಗುತ್ತಾರೆ, ಅದು ಹಾಗಾಗಲು ಭಾವ ಏನು ತೆತ್ತರು ಅಂತ ಯಾರೂ ಕೇಳುವುದಿಲ್ಲ. ಅದನ್ನು ಇಲ್ಲಿ ಹೇಳುತ್ತೇನೆ.

ಭಾವನ ಮನೆ ಒಂದರ ಹಿಂದೊಂದು ಮೂರು ಕೋಣೆ. ಮುಂದಿನದು ಕೆಲಸದ ಕೋಣೆ, ನಡುವಿನದು ಮಲಗಲು, ಹಿಂದಿನದು ಅಡುಗೆಗೆ. ಮುಂದಿನ ಕೋಣೆಯಲ್ಲಿ ಮೇಜಿನ ಗರಗಸ, ಮರ ಕೀಸುವ ಮಷಿನ್, ಕಾಲು ಬಾಗಿಸಿ ಕೊಯ್ಯುವ ಪಟ್ಟಿ ಗರಗಸ, ಉಪ್ಪುಕಾಗದ ಸುತ್ತಿದ ಉಜ್ಜುವ ಮಷಿನ್. ನಾಲ್ಕರ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ತಿರುಗುವಷ್ಟು ಜಾಗ. ಸೂರಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಅದರಿಂದ ಒಂದು ಬಿಸಿಲುಕೋಲು ಇಳಿದು ಗರಗಸದ ಪಕ್ಕ ನೆಲಕ್ಕೆ ಊರಿ ನಿಲ್ಲುತ್ತದೆ.

ಕೆಮ್ಮು ಯಾವಾಗ ಶುರುವಾಯಿತೆಂದು ಭಾವನಿಗೇ ಗೊತ್ತಿರಲಿಲ್ಲ. ಅವರಿಗೆ ಕೆಲಸ ಕಲಿಸಿದ ಹಿರಿಯ ಬಡಗಿ ಬದುಕಿಡೀ ಕೆಮ್ಮಿದವರು. ಕೆಮ್ಮಿ, ಉಗುಳಿ, ಬಾಯಿ ಒರೆಸಿಕೊಂಡು ಮತ್ತೆ ಉಳಿ ಹಿಡಿಯುತ್ತಿದ್ದರು. ಬಡಗಿ ಅಂದಮೇಲೆ ಕೈಗೆ ಜಡ್ಡು ಬರುವ ಹಾಗೆ ಎದೆಗೆ ಕೆಮ್ಮು ಬರುತ್ತದೆ ಎಂದು ಗುರುವೂ ತಿಳಿದಿದ್ದರು, ಶಿಷ್ಯನೂ ತಿಳಿದ. ಒಂದು ದಿನ ನಾಲ್ಕು ಕುರ್ಚಿ ಗಾಡಿಗೆ ಏರಿಸುವಾಗ ಭಾವ ಮೂರನೆಯದನ್ನು ಎತ್ತಲಾರದೆ ಬೀದಿಯಲ್ಲೇ ಅದಕ್ಕೆ ಒರಗಿ ನಿಂತುಬಿಟ್ಟರು. ಅಕ್ಕ ಅಂದೇ ಕೈಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಜೊತೆಗೆ ನಾನೂ ಹೋದೆ.

ಡಾಕ್ಟರಮ್ಮ ಒಂದು ಪುಟ್ಟ ಕೊಳವೆ ಕೊಟ್ಟರು. ಬಾಯಿಗಿಟ್ಟು ಜೋರಾಗಿ ಊದಿದರೆ ಅದರೊಳಗಿನ ಮುಳ್ಳು ಮುಂದೆ ಓಡಿ ಒಂದು ಅಂಕೆಯಲ್ಲಿ ನಿಲ್ಲುತ್ತದೆ.

"ಊದಿ. ಇನ್ನೂ. ಇನ್ನೂ ಜೋರಾಗಿ!"

ಮೂರು ಸಲ ಊದಿದರು. ಮೂರೂ ಸಲ ಮುನ್ನೂರು.

"ನಿಮ್ಮ ಎತ್ತರಕ್ಕೆ, ನಿಮ್ಮ ವಯಸ್ಸಿಗೆ ಐನೂರು ಇರಬೇಕಿತ್ತು" ಎಂದರು ಡಾಕ್ಟರಮ್ಮ. "ಇಷ್ಟು ವರ್ಷ ಮರದ ದೂಳು ಕುಡಿದಿದ್ದೀರಿ. ಹೋಗಿದ್ದು ಹೋಯ್ತು, ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕು. ಮೂರು ತಿಂಗಳು ಬಿಟ್ಟು ಬನ್ನಿ. ಇದಕ್ಕಿಂತ ಇಳಿದಿದ್ರೆ ಗರಗಸ ಮುಟ್ಟೋ ಹಾಗಿಲ್ಲ."

"ಮುಟ್ಟದೆ ಏನು ಮಾಡಲಿ ತಾಯಿ?"

"ಬೇರೆ ಏನಾದ್ರೂ ಕೆಲಸ..."

"ಬೇರೆ ಅಂದ್ರೆ?" ಭಾವ ನಿಜವಾಗಿಯೂ ಅರ್ಥವಾಗದೆ ಕೇಳಿದರು. ಡಾಕ್ಟರಮ್ಮ ಮುಖ ತಗ್ಗಿಸಿ ಚೀಟಿ ಬರೆಯತೊಡಗಿದರು.

ದಾರಿಯಲ್ಲಿ ನಾನೇ ಹೇಳಿದೆ: "ಭಾವ, ಇದು ತಗಡಿನ ಕೆಲಸ. ಇದಕ್ಕೆಲ್ಲ ನೀವು ತಲೆ ಕೆಡಿಸ್ಕೋಬೇಡಿ, ನನಗೆ ಬಿಡಿ."

ದೂಳು ಹೀರುವ ಒಂದು ಮೋಟಾರು ತಂದೆವು. ಅದನ್ನು ಹಿತ್ತಲಲ್ಲಿ ತಗಡಿನ ಮಾಡು ಕಟ್ಟಿ ಹೊರಗೇ ಇಟ್ಟೆ. ಚೀಲದಿಂದ ಸೋರುವ ದೂಳು ಒಳಗೆ ಬರಬಾರದು, ಅಷ್ಟು ಬುದ್ಧಿ ನನಗಿತ್ತು. ಮೋಟಾರಿನ ಬಾಯಿ ಆರು ಇಂಚು. ಆದರೆ ಭಾವನ ಮಷಿನ್‌ಗಳಿಗೆ, ಮಾಡಿದ ಪುಣ್ಯಾತ್ಮರು, ಎರಡೂವರೆ ಇಂಚಿನ ಬಾಯಿ ಇಟ್ಟಿದ್ದರು. ಮನೆ ಗುಡಿಸುವ ವ್ಯಾಕ್ಯೂಮ್‌ನ ಕೊಳವೆ ತುರುಕಲು ಸರಿಯಾಗಲಿ ಅಂತ. ನಾನು ಮಷಿನ್‌ನ ಬಾಯಿ ಅಳೆದೆ, ಅದೇ ಅಳತೆಯ ಕೊಳವೆಯನ್ನು ಮೂರೂ ಕೋಣೆಯ ಗೋಡೆಯುದ್ದಕ್ಕೂ ಹಿತ್ತಲವರೆಗೆ ಓಡಿಸಿದೆ, ಮೋಟಾರಿನ ಹತ್ತಿರ ಒಂದು ತುತ್ತೂರಿ ಮಾಡಿ ಆರಕ್ಕೆ ಅಗಲಿಸಿದೆ. ಮೋಟಾರು ಹಾಕಿ ಕೊಳವೆಯ ತುದಿಗೆ ಅಂಗೈ ಒಡ್ಡಿದರೆ, ಬಿಡಿಸಿಕೊಳ್ಳಲು ಇನ್ನೊಂದು ಕೈ ಬೇಕು, ಹಾಗೆ ಕಚ್ಚಿ ಹಿಡಿಯುತ್ತಿತ್ತು.

"ನೋಡಿ ಭಾವ, ಎಳೆತ ಅಂದ್ರೆ ಇದು!"

ಭಾವನೂ ಅಂಗೈ ಇಟ್ಟು ನೋಡಿ, "ಚೆನ್ನಾಗಿದೆ" ಎಂದರು. ಅಕ್ಕನೂ ಇಟ್ಟಳು. "ಅಯ್ಯೋ, ಬಳೆನೂ ನುಂಗುತ್ತೆ ಕಣೋ" ಎಂದಳು. ಪಕ್ಕದ ಮನೆಯ ಹೊಲಿಗೆಯಮ್ಮ ಬಂದು ನೋಡಿ ಹೋದಳು. ಗರಗಸದ ಕೆಳಗೆ ಗುಡ್ಡೆ ಬೀಳುತ್ತಿದ್ದ ಹೊಟ್ಟು ನಿಂತುಹೋಯಿತು. ನೆಲ ಬೆಳಗಿದ ತಟ್ಟೆಯ ಹಾಗಾಯಿತು. ನಾನು ಎರಡು ವಾರ ಎದೆಯುಬ್ಬಿಸಿಕೊಂಡು ಓಡಾಡಿದೆ.

ಮೂರು ತಿಂಗಳಾದ ಮೇಲೆ ಭಾವ ಊದಿದರು. ಇನ್ನೂರ ಎಪ್ಪತ್ತು.

"ಮತ್ತೊಂದ್ಸಲ ಊದಿ ಭಾವ, ಅದು ಸರಿಯಾಗಿ ಹಿಡಿದಿಲ್ಲ" ಎಂದೆ. ಇನ್ನೂರ ಎಪ್ಪತ್ತೇ. ನಾನು ಆ ಕೊಳವೆಯೇ ಕೆಟ್ಟಿದೆ ಎಂದು ಡಾಕ್ಟರಮ್ಮನ ಮೇಲೆ ಹರಿಹಾಯ್ದೆ. ಅವರು ಸುಮ್ಮನೆ ತಾವೇ ಊದಿ ತೋರಿಸಿದರು. ಮುಳ್ಳು ಸರಿಯಾದ ಜಾಗಕ್ಕೇ ಹೋಗಿ ನಿಂತಿತು. ಅಕ್ಕ ನನ್ನ ತೋಳು ಚಿವುಟಿದಳು.

"ತಾಯಿ" ಎಂದರು ಭಾವ, ಮೆಲ್ಲಗೆ. "ಇನ್ನೊಂದು ಮೂರು ತಿಂಗಳು ಕೊಡಿ. ಆಮೇಲೂ ಇಳಿದಿದ್ರೆ ನೀವು ಹೇಳೋದೇ ಬೇಡ. ನಾನೇ ಮಷಿನ್‌ಗೆಲ್ಲ ಬಟ್ಟೆ ಹೊದಿಸ್ತೀನಿ."

ಡಾಕ್ಟರಮ್ಮ ಚೀಟಿಯಲ್ಲಿ ಮುಂದಿನ ತಾರೀಕು ಬರೆದು, "ಕೊನೇ ಸಲ" ಎಂದರು.

ಮನೆಗೆ ಬಂದಾಗ ಹತ್ತು ಗಂಟೆ. ನಾನು ಇನ್ನೂ ಕುದಿಯುತ್ತಿದ್ದೆ. "ನೆಲ ನೋಡಿ, ಅಲ್ಲೇ ಊಟ ಬಡಿಸಬಹುದು! ಎಲ್ಲಿದೆ ದೂಳು? ಎಲ್ಲಿದೆ ತೋರಿಸಿ!"

ಭಾವ ಮೂಗಿಗೆ ಬಟ್ಟೆ ಕಟ್ಟಿಕೊಂಡರು. ನನ್ನ ಮೋಟಾರು ಹಾಕಿದರು, ಗರಗಸ ಹಾಕಿದರು, ಒಂದು ಮೊಳ ಹಲಗೆ ಸೀಳಿ ಗರಗಸ ನಿಲ್ಲಿಸಿದರು. ಮೋಟಾರು ಓಡುತ್ತಲೇ ಇತ್ತು. ಆಮೇಲೆ ಬೆರಳಿನಿಂದ ಬಿಸಿಲುಕೋಲು ತೋರಿಸಿದರು.

ಅದರೊಳಗೆ ದೂಳು ಕುದಿಯುವ ಹಾಲಿನ ಹಾಗೆ ಉಕ್ಕುತ್ತಿತ್ತು. ಹಿಟ್ಟಿಗಿಂತ ನುಣ್ಣನೆಯ ದೂಳು. ನೆಲಕ್ಕೆ ಬೀಳಲೂ ಅದಕ್ಕೆ ಭಾರವಿಲ್ಲ. ಬಿಸಿಲಿನಿಂದ ಆಚೆ ಸರಿದರೆ ಕಾಣುವುದಿಲ್ಲ, ಇರುವುದಂತೂ ಇದ್ದೇ ಇರುತ್ತದೆ. ಅಕ್ಕ ಒಳಗೆ ಹೋಗಿ ಒಂದು ಹೊರೆ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತ ಬಂದಾಗಲೂ ಅದು ಹಾಗೇ ಕುಣಿಯುತ್ತಿತ್ತು.

"ನಿನ್ನ ಕೊಳವೆ ಹೊಟ್ಟು ತಿನ್ನುತ್ತೆ ಕಣಪ್ಪ" ಎಂದರು ಭಾವ. "ದೂಳು ನನಗೆ ಬಿಡುತ್ತೆ."

ಆ ಮಾತು ನನಗೆ ಬಿಸಿ ಕಬ್ಬಿಣ ತಾಗಿದ ಹಾಗಾಯಿತು. ಹಾಗಾದಾಗ ನಾನು ಯೋಚಿಸುವುದಿಲ್ಲ, ಕೈ ಹಾಕುತ್ತೇನೆ. ಬ್ರೆಡ್ಡು ಸುಡುವವರ ಹೊಗೆಕೊಳವೆಗೆಂದು ಮಾಡಿ ಅವರು ಬೇಡವೆಂದ ಎಂಟು ಇಂಚಿನ ಕೊಳವೆ ಅಂಗಡಿಯಲ್ಲಿ ಬಿದ್ದಿತ್ತು. ಸಣ್ಣದು ಸಾಲದಿದ್ದರೆ ದೊಡ್ಡದು! ಎರಡೇ ದಿನದಲ್ಲಿ ಹಳೆಯದನ್ನು ಕಿತ್ತೆಸೆದು ಸೂರಿನ ಕೆಳಗೆ ಎಂಟಿಂಚಿನದನ್ನು ಉದ್ದಕ್ಕೂ ತೂಗುಹಾಕಿದೆ. ಭಾವ, "ಸ್ವಲ್ಪ ಕೂತು ನೋಡೋಣ ಕಣೋ" ಎಂದರು. "ಕೂತು ನೋಡೋಕೆ ಟೈಮ್ ಎಲ್ಲಿದೆ ಭಾವ?" ಎಂದು ಅವರ ಬಾಯಿ ಮುಚ್ಚಿಸಿದೆ.

ಮೂರು ವಾರವಾಯಿತು. ಒಂದು ಬೆಳಗ್ಗೆ ಭಾವ ಚಹಾ ಹಿಡಿದು ಹೊಸ್ತಿಲ ಮೇಲೆ ಕೂತಿದ್ದಾಗ ಬೆನ್ನ ಹಿಂದೆ ಸೂರೇ ಕುಸಿದಂಥ ಸದ್ದು. ನನ್ನ ಕೊಳವೆ ಕೊಂಡಿ ಸಮೇತ ಕೆಳಗೆ ಬಿದ್ದಿತ್ತು. ಕೆಳಗೆ ಅರಗು ಬಳಿದು ಒಣಗಲು ಇಟ್ಟಿದ್ದ ಎರಡು ಕುರ್ಚಿ ಪುಡಿಪುಡಿ. ಐದು ನಿಮಿಷ ಮೊದಲು ಭಾವ ಅವೇ ಕುರ್ಚಿಗಳ ಮುಂದೆ ಬಗ್ಗಿ ನಿಂತಿದ್ದರು.

ನಾನು ಓಡಿ ಬಂದೆ. ಒಡೆದ ಕೊಳವೆಯ ಒಳಗೆ ಅರ್ಧದವರೆಗೆ ಹೊಟ್ಟು, ಕೀಸಿದ ಸುರುಳಿ, ತೊಟ್ಟಿಲ ಹಾಸಿಗೆಯ ಹಾಗೆ ಒತ್ತಾಗಿ ಕೂತಿತ್ತು. ಮೋಟಾರಿನವರೆಗೆ ತಲುಪಿದ್ದು ಎಷ್ಟೋ, ದಾರಿಯಲ್ಲೇ ಮಲಗಿದ್ದು ಎಷ್ಟೋ. ಆ ಭಾರಕ್ಕೆ ಕೊಂಡಿ ಕಿತ್ತಿತ್ತು.

ಅಕ್ಕ ಮುರಿದ ಕುರ್ಚಿಯ ಒಂದು ಕಾಲು ಹಿಡಿದು ನಿಂತಿದ್ದಳು. ಅದರಲ್ಲೇ ನನಗೆ ಬಾರಿಸುತ್ತಾಳೋ ಅನ್ನಿಸಿತು.

"ನಿನ್ನದು ಹುಟ್ಟಿದಾಗಿನಿಂದ ಇದೇ ಕಣೋ. ಒಂದೋ ಮುಖ ಊದಿಸ್ಕೊಂಡು ಬಾಯಿ ಹೊಲ್ಕೊಂಡಿರ್ತೀಯ, ಇಲ್ಲ ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತೀಯ. ಎರಡೂವರೆ, ಇಲ್ಲಾಂದ್ರೆ ಎಂಟು! ನಡುವೆ ಒಂದು ಅಳತೆ ಅನ್ನೋದೇ ಇಲ್ವಾ ನಿನಗೆ?"

"ಬಿಡೇ, ಅವನೂ ನನಗೋಸ್ಕರ ತಾನೇ ಮಾಡಿದ್ದು" ಎಂದರು ಭಾವ. ಅವರು ನೆಲದ ಮೇಲೆ ಕೂತು ಕೊಳವೆಯೊಳಗಿನ ಹೊಟ್ಟನ್ನು ಬೆರಳಿನಲ್ಲಿ ಕೆದಕುತ್ತಿದ್ದರು. "ಹೊಳೆ ಅಗಲವಾದ ಕಡೆ ನೀರು ನಿಧಾನ ಆಗಿ ಮರಳು ಕೂರುತ್ತಲ್ಲ, ಹಾಗಾಗಿದೆ. ಗಾಳಿ ಇದೆ, ಓಟ ಇಲ್ಲ." ಆಮೇಲೆ ತಲೆಯೆತ್ತಿ ಕೇಳಿದರು: "ಅಲ್ಲಪ್ಪ, ಆ ಮೋಟಾರು ಮಾಡಿದವನು ಅದಕ್ಕೆ ಆರಿಂಚಿನ ಬಾಯಿ ಯಾಕಿಟ್ಟ?"

ಮೂವತ್ತು ವರ್ಷ ಕೊಳವೆ ಸುತ್ತಿದವನು ನಾನು. ಪ್ರಶ್ನೆ ಕೇಳಿದ್ದು ಕುರ್ಚಿ ಮಾಡುವವರು.

"ಎರಡೂವರೆಯದು ಎಷ್ಟು ಸೇರಿದ್ರೆ ಒಂದು ಆರಾಗುತ್ತೆ?" ಎಂದರು ಮತ್ತೆ.

"ಎರಡೂ ಚಿಲ್ಲರೆ" ಎಂದೆ ತಕ್ಷಣ.

"ಹೌದಾ? ತೂಗಿ ನೋಡೋಣ."

ಇದು ಭಾವನ ರೀತಿ. ಲೆಕ್ಕ ಅವರಿಗೂ ಬರದು, ನನಗೂ ಬರದು. ಆದರೆ ಎರಡು ಕುರ್ಚಿಯ ಕಾಲು ಸಮ ಇದೆಯೋ ಇಲ್ಲವೋ ತಿಳಿಯಲು ಅವರು ಅವನ್ನು ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗುವವರು. ನನ್ನ ಅಂಗಡಿಗೆ ಹೋದೆವು. ಒಂದೇ ತಗಡಿನಿಂದ ಆರು ಇಂಚಿನ ಒಂದು ಬಿಲ್ಲೆ ಕತ್ತರಿಸಿದೆ, ಎರಡೂವರೆಯವನ್ನು ಒಂದಷ್ಟು ಕತ್ತರಿಸಿದೆ. ಗುಜರಿ ತೂಗುವ ತಕ್ಕಡಿಯ ಒಂದು ತಟ್ಟೆಯಲ್ಲಿ ದೊಡ್ಡ ಬಿಲ್ಲೆ ಇಟ್ಟು, ಇನ್ನೊಂದರಲ್ಲಿ ಭಾವ ಚಿಕ್ಕವನ್ನು ಒಂದೊಂದಾಗಿ ಇಡುತ್ತಾ ಹೋದರು. ಎರಡು. ಮೂರು. ತಟ್ಟೆ ಅಲುಗಲಿಲ್ಲ. ನಾಲ್ಕು. ಐದು. ಆರನೆಯದನ್ನು ಇಟ್ಟಾಗ ಚಿಕ್ಕವುಗಳ ತಟ್ಟೆ ಮೆಲ್ಲಗೆ ಇಳಿಯಿತು.

ನಾನು ಆ ಆರು ಬಿಲ್ಲೆಗಳನ್ನು ನೋಡುತ್ತ ನಿಂತೆ. ಅಂದರೆ ಮೂರು ತಿಂಗಳು ನಾನು ಆರು ಮನುಷ್ಯರು ಹೋಗುವ ಬಾಗಿಲು ಮುಚ್ಚಿ ಒಬ್ಬನಿಗೆ ದಾರಿ ಬಿಟ್ಟಿದ್ದೆ. ಅಂಗೈಯನ್ನು ಕಚ್ಚಿ ಹಿಡಿದದ್ದು ಬಾಯಿ ಕಿರಿದಾಗಿದ್ದಕ್ಕೆ, ಗಾಳಿ ಹೆಚ್ಚಿದ್ದಕ್ಕಲ್ಲ. ಹೊಟ್ಟನ್ನು ಹಿಡಿಯಲು ಆ ಎಳೆತ ಸಾಕಿತ್ತು. ಗರಗಸದ ಸುತ್ತ ಹಾರುವ ನುಣ್ಣನೆಯ ದೂಳನ್ನು ತರಲು ಸುತ್ತಲಿನ ಗಾಳಿಯನ್ನೇ ಹೊತ್ತು ತರಬೇಕು. ಅದಕ್ಕೆ ದಾರಿ ಬೇಕು. ಎಂಟರ ಬಿಲ್ಲೆಯನ್ನೂ ಕತ್ತರಿಸಿ ತೂಗಿದೆವು. ಅದು ಆರರದರ ಹತ್ತಿರ ಹತ್ತಿರ ಎರಡು ಪಾಲು. ಅಷ್ಟು ಅಗಲದಲ್ಲಿ ಗಾಳಿ ಓಡಿಸಲು ನಮ್ಮ ಮೋಟಾರಿಗೆ ಕಸುವಿಲ್ಲ.

"ಆರು" ಎಂದರು ಭಾವ. "ಮೋಟಾರಿನಿಂದ ಮಷಿನ್‌ವರೆಗೂ ಆರು. ಮಷಿನ್‌ನ ಬಾಯೂ ಆರು."

ಈ ಸಲ ನಾನು ಅವಸರ ಮಾಡಲಿಲ್ಲ. ತಿರುವುಗಳಲ್ಲಿ ಮೊಣಕೈ ಹಾಗೆ ಚಚ್ಚೌಕ ಮಡಿಸದೆ ಎರಡು ಸಲ ಅರ್ಧರ್ಧ ಬಾಗಿಸಿದೆ. ಬಳುಕುವ ರಬ್ಬರ್ ಕೊಳವೆಯ ಏಣುಗಳು ಗಾಳಿಯನ್ನು ತಡೆಯುತ್ತವೆ, ಹಾಗಾಗಿ ಅದನ್ನು ಮಷಿನ್‌ನ ಹತ್ತಿರ ಒಂದು ಗೇಣು ಮಾತ್ರ ಬಿಟ್ಟೆ. ಪ್ರತಿ ಕವಲಿಗೂ ಎಳೆದು ಮುಚ್ಚುವ ತಗಡಿನ ಬಾಗಿಲು. ಒಂದು ಮಷಿನ್ ಓಡುವಾಗ ಉಳಿದ ಮೂರೂ ಮುಚ್ಚಿರಬೇಕು. ಗರಗಸಕ್ಕೆ ಕೆಳಗೆ ಐದಿಂಚು, ಹಲ್ಲಿನ ಮೇಲೆ ಇಳಿಬಿಟ್ಟ ಮುಚ್ಚಳಕ್ಕೆ ಮೂರಿಂಚು. ಐದರ ಬಿಲ್ಲೆ, ಮೂರರ ಬಿಲ್ಲೆ ಒಟ್ಟಿಗೆ ಇಟ್ಟರೆ ಆರರದಕ್ಕಿಂತ ಕೂದಲೆಳೆಯಷ್ಟು ಕಮ್ಮಿ, ಅದನ್ನೂ ತೂಗಿಯೇ ನೋಡಿದ್ದು. ಪಟ್ಟಿ ಗರಗಸ, ಉಜ್ಜುವ ಮಷಿನ್ ಎರಡರ ಹೊಟ್ಟೆಯನ್ನೂ ಕೊಯ್ದು ಬಾಯಿ ಅಗಲಿಸಿದೆ.

ಉಳಿದದ್ದು ಕೀಸುವ ಮಷಿನ್. ಅದು ಗುರುಗಳದು. ಕೈ ನಡುಗಲು ಶುರುವಾದ ದಿನ ಅವರೇ ಅದನ್ನು ಗಾಡಿಯಲ್ಲಿ ಹಾಕಿ ಕಳಿಸಿದ್ದರು. ಅದರ ಹಿಂಬದಿಯ ತಗಡಿನ ಮುಚ್ಚಳದ ಮೇಲೆ ಮೊಳೆಯಿಂದ ಗೀರಿದ ಸಾಲು ಸಾಲು ಗೆರೆ. ಕುರ್ಚಿಯ ಹಿಂಗಾಲು ಇಷ್ಟು, ಮುಂಗಾಲು ಇಷ್ಟು, ಬೆನ್ನಹಲಗೆ ಇಷ್ಟು, ಎಂದು ಗುರುಗಳು ಹಾಕಿಕೊಂಡ ಗುರುತು. ಭಾವ ಆ ಗೆರೆಗಳಿಂದಲೇ ಅಳತೆ ಕಲಿತವರು. ಬಾಯಿ ಕೊಯ್ಯಬೇಕಾದ ಜಾಗ ಸರಿಯಾಗಿ ಅದೇ.

ನಾನು ಕತ್ತರಿ ಹಿಡಿದು ಹೋದೆ. ಭಾವ ಮುಚ್ಚಳದ ಮೇಲೆ ಅಂಗೈ ಇಟ್ಟು ನಿಂತಿದ್ದರು.

"ಇದೊಂದು ಬಿಟ್ಟುಬಿಡಪ್ಪ. ಇದಕ್ಕೆ ಎರಡೂವರೆಯೇ ಇರಲಿ. ದಿನಕ್ಕೆ ಎಷ್ಟು ಹೊತ್ತು ಓಡಿಸ್ತೀನಿ ಇದನ್ನ?"

ನಾನು ಸಿಡಿದೆ. "ಮೂರು ಬಾಗಿಲು ಹಾಕಿ ನಾಲ್ಕನೇದು ತೆರೆದಿಟ್ರೆ ಮನೆ ಕಾದ ಹಾಗಾಯ್ತಾ ಭಾವ? ಗುರುಗಳ ಗೆರೆ ಉಳೀಬೇಕಾ, ನೀವು ಉಳೀಬೇಕಾ?"

ನಡುಕೋಣೆಯ ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು. ಅವಳು ನನ್ನನ್ನು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಗಂಡನನ್ನೇ ನೋಡುತ್ತಾ, ತಣ್ಣಗೆ, "ರೀ, ಅವರೂ ಕೆಮ್ಮಿಕೊಂಡೇ ಹೋದ್ರಲ್ಲ" ಎಂದಳು.

ಭಾವ ಕೈ ಚಾಚಿದರು. ನಾನು ಕತ್ತರಿ ಕೊಟ್ಟೆ. ತಗಡು ಕತ್ತರಿಸಿ ಅಭ್ಯಾಸವಿಲ್ಲದ ಕೈ. ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಅಂಚು ಸೊಟ್ಟಪಟ್ಟವಾಯಿತು. ಸರಿಮಾಡಲು ನನ್ನ ಕೈ ತುರಿಸುತ್ತಿತ್ತು, ಆದರೂ ಮುಟ್ಟಲಿಲ್ಲ. ಬಿಲ್ಲೆ ಕಳಚಿ ಅವರ ಅಂಗೈಗೆ ಬಿತ್ತು, ಗೆರೆಗಳೆಲ್ಲ ಅದರ ಮೇಲೇ ಇದ್ದವು. ಭಾವ ಅದನ್ನು ಒರೆಸಿ, ಉಳಿಗಳ ಸಾಲಿನ ಪಕ್ಕ ಗೋಡೆಗೆ ಒಂದೇ ಮೊಳೆಯಲ್ಲಿ ಹೊಡೆದರು.

ಮರುದಿನ ಒಂಬತ್ತೂವರೆಗೆ ಎಲ್ಲರೂ ಕೋಣೆಯಲ್ಲಿ ನಿಂತೆವು. ಕಿಟಕಿ ತೆರೆದೆವು. ಎಳೆದಷ್ಟು ಗಾಳಿ ಒಳಗೆ ಬರಲೂ ಬೇಕಲ್ಲ. ಭಾವ ಮೋಟಾರು ಹಾಕಿ ಕೊಳವೆಯ ತುದಿಗೆ ಅಂಗೈ ಒಡ್ಡಿದರು. ಕಚ್ಚಲಿಲ್ಲ. ತಂಪಾಗಿ, ಅಗಲವಾಗಿ, ಅವರ ತೋಳಿನ ಬಟ್ಟೆಯನ್ನೆಲ್ಲ ಒಳಕ್ಕೆ ಕರೆಯಿತು. ಹಲಗೆ ಸೀಳಿದರು. ಗರಗಸ ನಿಲ್ಲಿಸಿದರು. ಬಿಸಿಲುಕೋಲಿನಲ್ಲಿ ಇದ್ದ ದೂಳು ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ಒಂದೇ ಕಡೆಗೆ ವಾಲಿತು, ಹರಿಯಿತು, ತೆಳ್ಳಗಾಯಿತು. ಅಕ್ಕ ಪಾತ್ರೆ ತೊಳೆಯಲು ಹೋಗಲಿಲ್ಲ. ಅವಳು ಇಪ್ಪತ್ತನಾಲ್ಕು ಎಣಿಸುವಷ್ಟರಲ್ಲಿ ಬಿಸಿಲು ಬರೀ ಬಿಸಿಲಾಗಿತ್ತು.

ಗಡುವಿನ ದಿನ ಬಂತು. ಡಾಕ್ಟರಮ್ಮ ಕೊಳವೆ ಕೊಟ್ಟರು. ಭಾವ ಅದನ್ನು ಬಾಯಿಗಿಡುವ ಮೊದಲು ಒಮ್ಮೆ ನನ್ನ ಕಡೆ ನೋಡಿದರು. ಊದಿದರು. ಇನ್ನೂರ ಎಪ್ಪತ್ತು. ಮತ್ತೆ ಊದಿದರು. ಇನ್ನೂರ ಎಪ್ಪತ್ತು.

"ಏರಲ್ಲ ಅಂತ ಮೊದಲೇ ಹೇಳಿದ್ದೆ" ಎಂದರು ಡಾಕ್ಟರಮ್ಮ. ಆಮೇಲೆ ಕನ್ನಡಕ ತೆಗೆದು, "ಆದ್ರೆ ಇಳಿದಿಲ್ಲ. ಹೋಗಿ, ಕುರ್ಚಿ ಮಾಡಿ" ಎಂದರು. ಅಕ್ಕ ಅಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಇದಾಗಿ ಆರು ವರ್ಷ. ಈಗಲೂ ವರ್ಷಕ್ಕೆರಡು ಸಲ ಊದುತ್ತಾರೆ. ಅಂಕೆ ಅಲ್ಲೇ ನಿಂತಿದೆ. ಮೊದಲು ವಾರಕ್ಕೆ ನಾಲ್ಕು ಕುರ್ಚಿ ಆಗುತ್ತಿತ್ತು, ಈಗ ಎರಡು. ಕುರ್ಚಿ ಗಾಡಿಗೆ ಏರಿಸುವುದು ನನ್ನ ಕೆಲಸ.

ಆದರೆ ಮುನ್ನೂರಕ್ಕೂ ಇನ್ನೂರ ಎಪ್ಪತ್ತಕ್ಕೂ ನಡುವೆ ಮೂವತ್ತಿದೆ. ಅದು ನನ್ನ ಎರಡೂವರೆ ಇಂಚಿನ ಕೊಳವೆ ನುಂಗಿದ್ದು. ಅದನ್ನು ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು. ಒಂದು ಸಲ ಗಾಡಿ ಕಳಿಸಿ ಬಂದು ಹೇಳಿಬಿಟ್ಟೆ: "ಭಾವ, ಆ ಮೂವತ್ತು ನನ್ನಿಂದ ಹೋಯ್ತು. ನನ್ನ ಕೈಗೆ ಗೊತ್ತು ಅಂದ್ಕೊಂಡೆ. ಗೊತ್ತಿರಲಿಲ್ಲ."

ಅಂಥದ್ದೇನಿಲ್ಲ ಬಿಡು ಎನ್ನುತ್ತಾರೆಂದು ನಾನು ಕಾದಿದ್ದೆ. ಅವರು ಹಾಗೆ ಅನ್ನಲಿಲ್ಲ. "ಹೌದು" ಎಂದರು. ಆಮೇಲೆ, "ನಾನೂ ಅಂಗೈ ಇಟ್ಟು ಚೆನ್ನಾಗಿದೆ ಅಂದಿದ್ದೆ" ಎಂದರು. ಅಷ್ಟೇ. ಅವರು ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡಿದ್ದರೆ ಆ ಮನೆಗೆ ಹೋಗುವುದು ನನಗೆ ಕಷ್ಟವಾಗುತ್ತಿತ್ತು.

ಕೊಳವೆ ಕೇಳಿ ಬರುವವರನ್ನು ನಾನು ಈಗ ಮೊದಲು ತಕ್ಕಡಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಮಷಿನ್‌ನ ಬಾಯಿ ಕೊಯ್ಯಲು ಒಪ್ಪದವರಿಗೆ ಕೆಲಸ ಮಾಡಿಕೊಡುವುದಿಲ್ಲ. ಕೆಲವರು ಬೈದುಕೊಂಡು ಹೋಗುತ್ತಾರೆ, ನಾನೂ ಬೈಯುತ್ತೇನೆ. ಆಮೇಲೂ ಉಳಿದವರನ್ನು ಬೆಳಗ್ಗೆ ಒಂಬತ್ತೂವರೆಗೆ ಭಾವನ ಮನೆಗೆ ಕಳಿಸುತ್ತೇನೆ.

ಹೋದವರಿಗೆ ಅಲ್ಲಿ ಕಾಣುವುದು ಇಷ್ಟು. ಭಾವ ಒಂದು ಹಲಗೆ ಸೀಳಿ ಗರಗಸ ನಿಲ್ಲಿಸುತ್ತಾರೆ, ಮೋಟಾರನ್ನು ಓಡಲು ಬಿಟ್ಟು ಹೊರಗೆ ಬರುತ್ತಾರೆ. ಹೊಸ್ತಿಲಿನಾಚೆ ಒಂದು ಕುರ್ಚಿ ಇದೆ. ಕೊಳವೆ ಬಿದ್ದ ದಿನ ಪುಡಿಯಾದ ಎರಡರಲ್ಲಿ ಉಳಿದ ತುಂಡುಗಳನ್ನು ಜೋಡಿಸಿ ತಮಗೇ ಅಂತ ಮಾಡಿಕೊಂಡದ್ದು. ಕೂತರೆ ಕಿರುಗುಟ್ಟುತ್ತದೆ. ಅವರು ಅದರಲ್ಲಿ ಕೂತು, ಒಳಗಿನ ಬಿಸಿಲುಕೋಲನ್ನೇ ನೋಡುತ್ತಾ, ತುಟಿಯಲ್ಲೇ ಎಣಿಸುತ್ತಾರೆ. ಇಪ್ಪತ್ತನಾಲ್ಕು ದಾಟಿದ ಮೇಲೂ ಒಂದೆರಡು ಹೆಚ್ಚಿಗೆ ಎಣಿಸಿ, ಕುರ್ಚಿಯ ಕೈ ಹಿಡಿದು ಎದ್ದು, ಒಳಗೆ ಹೋಗುತ್ತಾರೆ.